ಒಗೆಯದ ಟವೆಲ್

ಲಾಂಡ್ರಿ ಅಕ್ಕನ ಕಣ್ಣಿಗೆ ಲೋಕ ಯಾವಾಗಲೂ ಸ್ವಲ್ಪ ಮಸುಕಾಗಿಯೇ ಕಾಣುತ್ತಿತ್ತು. ಅದು ಕಣ್ಣಿನ ದೋಷವಲ್ಲ, ಇಸ್ತ್ರಿಯ ಆವಿ. ಮೂವತ್ತೊಂದು ವರ್ಷಗಳಿಂದ ಆ ಆವಿಯ ಆಚೆಗೇ ಬೆಳಗಾಗುತ್ತಿತ್ತು, ಸಂಜೆಯಾಗುತ್ತಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಮನೆ. ಅಲ್ಲಿ ಅವಳು, ಅವಳ ಗಂಡ, ಎರಡು ಬೆಕ್ಕು. ಬೂದು ಬಣ್ಣದ ಹಿರಿಯ ಬೆಕ್ಕಿಗೆ ಹನ್ನೆರಡು ವರ್ಷ. ಅವಳನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಕಿರಿಯವನು ಬಟನ್. ಊಟ, ನಿದ್ದೆ ಬಿಟ್ಟರೆ ಅವನಿಗೆ ಮೂರನೆಯ ಚಿಂತೆಯಿಲ್ಲ.

ಮಂಡಿಯ ಆಪರೇಷನ್ ಆದ ಮೇಲೆ ಕುರ್ಚಿ ಹಿಡಿದ ಗಂಡ ಏಳು ತಿಂಗಳಾದರೂ ಅದನ್ನು ಬಿಟ್ಟಿರಲಿಲ್ಲ. ನಡೆಯಿರಿ ಎಂದರೆ "ನಾಳೆಯಿಂದ" ಎನ್ನುತ್ತಿದ್ದ. ಕೊನೆಗೆ ಆ ನಾಳೆಯನ್ನು ತಂದವನು ಬಸ್ ಓಡಿಸುವ ಅವಳ ತಮ್ಮ, ತನ್ನ ದೊಡ್ಡ ಕೋಟಿನ ಜೇಬಿನಲ್ಲಿ. ಜೇಬಿನಿಂದ ಎರಡು ಕಿವಿ ಮಾತ್ರ ಹೊರಗೆ ಕಾಣುತ್ತಿದ್ದವು.

"ಭಾವ, ಈ ನಾಯಿಮರಿಗೆ ಹಿತ್ತಿಲು ಸುತ್ತಿಸೋರು ಯಾರೂ ಇಲ್ಲ."

"ನಿಮ್ಮಕ್ಕನಿಗೆ ಹೇಳು."

"ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಒಗೆದು ಹಾಕ್ತಾಳೆ. ಪಾಪ, ಕೂಸು!"

ಮರಿಗೆ ಜೇಬು ಎಂದೇ ಹೆಸರಾಯಿತು. ಅಂದು ಸಂಜೆ ಗಂಡ ಹನ್ನೊಂದು ಹೆಜ್ಜೆ ನಡೆದ. ಮರುದಿನ ನಲವತ್ತಮೂರು. ಹಿತ್ತಿಲಿನಲ್ಲಿ ಒಣಗುತ್ತಿದ್ದ ಬಿಳಿ ಹೊದಿಕೆಗಳ ನಡುವೆ ಅವನ ನೆರಳು ತೇಲಿಹೋಗುವುದನ್ನು ಅಕ್ಕ ಆವಿಯ ಈಚೆಯಿಂದ ನೋಡುತ್ತಾ ನಿಂತಳು. ಎಚ್ಚರವಾದರೆ ಕರಗಿಬಿಡುವ ಕನಸು ಅದು ಎಂಬಂತೆ, ಉಸಿರು ಬಿಗಿಹಿಡಿದು.

ಆದರೆ ಮರಿಯನ್ನು ಕಂಡು ಬೀರು ಹತ್ತಿ ಕೂತ ಅಜ್ಜಿ ಇಳಿಯಲೇ ಇಲ್ಲ. ಊಟವನ್ನು ಮೇಲಕ್ಕೇ ಕೊಟ್ಟರೂ ಅರ್ಧ ಬಿಡುತ್ತಿದ್ದಳು. ಪಕ್ಕದ ಬೀದಿಯ ಪಶುವೈದ್ಯೆ ದಾರಿ ಹೇಳಿಕೊಟ್ಟರು: ಮರಿ ಬೇರೆ ಕೋಣೆಯಲ್ಲಿರಲಿ, ಇಬ್ಬರ ಹಾಸಿಗೆಯ ಟವೆಲ್ಲುಗಳನ್ನು ದಿನಾ ಅದಲುಬದಲು ಮಾಡಿ, ಅವಸರ ಬೇಡ. "ಆದ್ರೆ ಭಾನುವಾರದೊಳಗೆ ಅಜ್ಜಿ ಹೊಟ್ಟೆ ತುಂಬ ತಿನ್ನದಿದ್ರೆ ಮರಿಗೆ ಬೇರೆ ಮನೆ ನೋಡಿ. ಈ ವಯಸ್ಸಲ್ಲಿ ಹಸಿವು ಒಳ್ಳೇದಲ್ಲ."

ಅಕ್ಕ ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಊಟವನ್ನು ಬಟ್ಟೆ ಒಗೆಯುವ ಸೋಡಾ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗಿದಳು. ಎಂಬತ್ತು ಗ್ರಾಂ ಇಟ್ಟರೆ ನಲವತ್ತು ಉಳಿಯುತ್ತಿತ್ತು. ಐದು ದಿನವೂ ಅಷ್ಟೇ.

ಶುಕ್ರವಾರ ಒಗೆಯಲು ಕೊಟ್ಟಿದ್ದ ಬಿಳಿ ಕೋಟು ಒಯ್ಯಲು ಬಂದ ಪಶುವೈದ್ಯೆ, ಬೀರುವಿನ ಮೇಲಿದ್ದ ಟವೆಲ್ಲನ್ನು ಕೇಳಿ ಪಡೆದು ಮೂಗಿಗೆ ಹಿಡಿದರು.

"ಇದನ್ನ ಒಗೆದ್ರಾ?"

"ಮತ್ತೆ? ಒಬ್ಬರು ಮಲಗಿದ್ದನ್ನ ಇನ್ನೊಬ್ಬರಿಗೆ ಹಾಗೇ ಕೊಡೋಕಾಗತ್ತಾ? ಒಗೆದು, ಇಸ್ತ್ರಿ ಹೊಡೆದು, ನಾಲ್ಕು ಮಡಿಕೆ ಹಾಕಿ ಕೊಟ್ಟೆ."

"ಅಯ್ಯೋ ಅಕ್ಕ! ಅದರಲ್ಲಿರೋ ವಾಸನೆಯಿಂದಾನೇ ಅವರು ಒಬ್ಬರನ್ನೊಬ್ಬರು ಗುರುತು ಹಿಡೀಬೇಕು. ಐದು ದಿನದಿಂದ ನೀವು ಅವರಿಗೆ ಸೋಪಿನ ಪರಿಚಯ ಮಾಡಿಸ್ತಿದ್ದೀರಿ."

ಪಶುವೈದ್ಯೆ ನಕ್ಕರು. ಗಂಡ ನಗಲಿಲ್ಲ. ಮರಿಯ ಕೊರಳಪಟ್ಟಿ ಬಿಗಿಮಾಡುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಉಳಿದದ್ದು ಎರಡೇ ದಿನ.

ಮಧ್ಯಾಹ್ನ ಅಕ್ಕ ಜೇಬು ಮಲಗಿದ್ದ ಟವೆಲ್ಲನ್ನು ಎತ್ತಿಕೊಂಡಳು. ಕೂದಲು, ಹಾಲಿನ ಕಲೆ, ಮಣ್ಣು. ಕಾಲುಗಳು ತಾವಾಗಿಯೇ ಎರಡು ಸಲ ನೀರಿನ ತೊಟ್ಟಿಯತ್ತ ತಿರುಗಿದವು.

"ಮೂಗು ಮುಚ್ಕೊಳ್ಳೇ," ಎಂದ ಗಂಡ.

"ನಿಮ್ಮ ಬನಿಯನ್ ಒಗೆದ ಮೂಗು ರೀ ಇದು. ಇಷ್ಟಕ್ಕೆಲ್ಲ ಹೆದರತ್ತಾ?"

ಟವೆಲ್ಲು ಹಾಗೇ ಬೀರು ಏರಿತು. ಅಜ್ಜಿ ಒಮ್ಮೆ ಬುಸುಗುಟ್ಟಿದಳು. ಆಮೇಲೆ ಕೊಂಕು ಹುಡುಕುವ ಗಿರಾಕಿ ಕಾಲರ್ ನೋಡುವಂತೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನಿಧಾನವಾಗಿ ಮೂಸಿದಳು. ಶನಿವಾರ ಅದರ ಒಂದು ಮೂಲೆಯ ಮೇಲೆ ಕೂತಳು. ಅಂದು ಬಟ್ಟಲಿನಲ್ಲಿ ಉಳಿದದ್ದು ಇಪ್ಪತ್ತು ಗ್ರಾಂ.

ಭಾನುವಾರ ಬೆಳಿಗ್ಗೆ ಗಂಡ ಮರಿಯ ಹಗ್ಗವನ್ನು ಗಿಡ್ಡಗೆ ಹಿಡಿದು ಬಾಗಿಲಲ್ಲಿ ಕೂತ. ಕಿಟಕಿಯ ಬಿಸಿಲಿನಲ್ಲಿ ಧೂಳು ಹೊಳೆಯುತ್ತಾ ತೇಲುತ್ತಿತ್ತು. ಆ ಬಿಸಿಲಿನ ಮೇಲೆಯೇ ಕಾಲಿಟ್ಟು ಬಂದಂತೆ ಅಜ್ಜಿ ಕೆಳಗಿಳಿದಳು. ಬಟನ್ ಒಂದು ಕಣ್ಣು ತೆರೆದು, ಮುಚ್ಚಿದ. ಜೇಬು ಮೂಗು ಚಾಚಿದ. ಅಜ್ಜಿ ಉಗುರು ಹೊರಗೆ ಹಾಕದೆ ಒಂದೇ ಒಂದು ಏಟು ಕೊಟ್ಟಳು. ಮರಿ ಸೀನಿ, ತೆಪ್ಪಗೆ ಕೂತಿತು. ಅಜ್ಜಿ ಬಟ್ಟಲಿಗೆ ಬಾಯಿ ಹಾಕಿದಳು.

ಅಕ್ಕ ಬಟ್ಟಲನ್ನು ತೂಗಲಿಲ್ಲ. ಅದರ ತಳ ಹೊಳೆಯುತ್ತಿತ್ತು.

ಹತ್ತು ಗಂಟೆಗೆ ತಮ್ಮ ಅದೇ ಕೋಟಿನಲ್ಲಿ ಬಂದ. "ಏನಕ್ಕ, ಮರಿ ವಾಪಸ್ಸಾ?"

"ಕೋಟು ಬಿಚ್ಚಿಟ್ಟು ಹೋಗು. ಕಾಲರ್ ಕಪ್ಪಾಗಿದೆ."

"ಭಾವ ಎಲ್ಲಿ?"

ಅಕ್ಕ ಹಿತ್ತಿಲಿನತ್ತ ಕೈ ತೋರಿಸಿದಳು. ತೂಗುತ್ತಿದ್ದ ಬಿಳಿ ಹೊದಿಕೆಗಳ ಕೆಳಗೆ ಎರಡು ಕಾಲು, ಅವುಗಳ ಹಿಂದೆ ನಾಲ್ಕು ಪುಟ್ಟ ಕಾಲು, ಮೆಲ್ಲಗೆ ಸಾಗುತ್ತಿದ್ದವು.