ನಕ್ಷೆಯಿಂದ ಕಿತ್ತ ಕೆಂಪು ಪಿನ್ನು

ಈ ಸೀಮೆಯ ಬಾವಲಿಗಳು ಎಲ್ಲಿ ತಂಗುತ್ತವೆ, ಯಾವ ಕಾಲದಲ್ಲಿ ಮರಿ ಹಾಕುತ್ತವೆ, ಯಾವಾಗ ಕಣ್ಮರೆಯಾಗುತ್ತವೆ ಎಂಬುದನ್ನು ಇಂದು ಯಾರೇ ಬರೆಯಲು ಕುಳಿತರೂ, ವಸ್ತುಸಂಗ್ರಹಾಲಯದ ಎರಡನೇ ಮಹಡಿಯ ಗೋಡೆಯ ಮೇಲಿರುವ ನಕ್ಷೆಯ ಮುಂದೆ ಒಮ್ಮೆ ನಿಲ್ಲದೆ ವಿಧಿಯಿಲ್ಲ. ಆ ನಕ್ಷೆಯನ್ನು ಬೆಳೆಸಿ, ಈ ವರ್ಷ ಸೇವೆಯಿಂದ ನಿವೃತ್ತರಾದ ಹಿರಿಯರನ್ನು ಸಹೋದ್ಯೋಗಿಗಳೆಲ್ಲ ಬೆನ್ನ ಹಿಂದೆ ಪಿನ್ನಮ್ಮ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದೂ ಗೊತ್ತಿತ್ತು.

ಅವರು ಸಹಾಯಕಿಯಾಗಿ ಸೇರಿದಾಗ ನಕ್ಷೆಯಲ್ಲಿ ಬಾವಲಿ ಕಂಡ ಕಡೆಗಷ್ಟೇ ಪಿನ್ನುಗಳಿದ್ದವು: ಅಪರೂಪದ್ದಕ್ಕೆ ಕೆಂಪು, ಸಾಮಾನ್ಯದ್ದಕ್ಕೆ ಹಸಿರು. ಹುಡುಕಿಯೂ ಸಿಗದ ಜಾಗಕ್ಕೆ ಬಿಳಿ ಪಿನ್ನು ಚುಚ್ಚುವ ಪದ್ಧತಿ ಅವರದು. ಇಲ್ಲದ್ದಕ್ಕೂ ಗುರುತು ಹಾಕ್ತೀರಲ್ಲ, ಇನ್ನು ಬಾರದವರಿಗೂ ಹಾಜರಿ ಹಾಕೋಣವೇ ಎಂದು ಅಂದಿನ ನಿರ್ದೇಶಕರು ಕಿಚಾಯಿಸಿದ್ದುಂಟು. ಇಲ್ಲ ಎನ್ನುವುದಕ್ಕೂ ಒಬ್ಬರು ಹೋಗಿ ನೋಡಿರಬೇಕಲ್ಲ ಎಂಬುದು ಪಿನ್ನಮ್ಮನವರ ಉತ್ತರ. ಯಾರು ಫೋನು ಮಾಡಿದರೂ ಅವರು ಹೋಗಿ ನೋಡುತ್ತಿದ್ದರು. ಒಬ್ಬ ದರ್ಜಿ ತನ್ನ ಅಂಗಡಿಯ ಅಟ್ಟದಲ್ಲಿ ದೊಡ್ಡ ಬಾವಲಿಯಿದೆ ಎಂದು ಕರೆಸಿದಾಗ, ಏಣಿ ಹತ್ತಿ ನೋಡಿದರೆ ಅಲ್ಲಿದ್ದದ್ದು ಕಡ್ಡಿ ಮುರಿದ ಕೊಡೆ. ಇಳಿದು ಬಂದು, ಈ ಸಲ ಇಲ್ಲ, ಮತ್ತೆ ಕಂಡರೆ ತಿಳಿಸಿ ಎಂದರೇ ಹೊರತು ಕೊಡೆಯ ಮಾತೆತ್ತಲಿಲ್ಲ. ಮುಂದೆ ಆ ಬೀದಿಯ ಬಾವಲಿಗಳ ಸುದ್ದಿಯೆಲ್ಲ ಬಂದದ್ದು ಅದೇ ದರ್ಜಿಯಿಂದ. ತಮ್ಮ ಶಿಷ್ಯೆ ಮೊದಲ ವರ್ಷ ಒಂದು ಸೇತುವೆಯ ಕೆಳಗೆ ಬಾವಲಿಯ ಜಾತಿಯನ್ನು ತಪ್ಪಾಗಿ ಗುರುತಿಸಿದಾಗಲೂ ಅಷ್ಟೆ. ಮುಸ್ಸಂಜೆಗೆ ಅವಳನ್ನು ಅದೇ ಸೇತುವೆಯ ಕೆಳಗೆ ಮತ್ತೆ ಕೂರಿಸಿ, ಅವಳೇ ತಿದ್ದಿಕೊಳ್ಳುವವರೆಗೆ ಸುಮ್ಮನಿದ್ದು, ವಾಪಸು ಬರುವಾಗ ಅವಳ ಅಮ್ಮನ ಮಂಡಿನೋವಿನ ವಿಷಯವನ್ನಷ್ಟೇ ವಿಚಾರಿಸಿದ್ದರು.

ಅವರಿಗೆ ಹೆಸರು ತಂದದ್ದು ಒಂದು ಕೆಂಪು ಪಿನ್ನು. ಲಾಳದಾಕಾರದ ಮೂಗಿನ ಬಾವಲಿಗಳಲ್ಲಿ ಎರಡು ಬಗೆ: ದೊಡ್ಡದು ಎಲ್ಲೆಡೆ ಸಿಗುತ್ತದೆ, ಚಿಕ್ಕದು ಸಿಗುವುದೇ ಇಲ್ಲ ಎನ್ನಬೇಕು. ಆ ಚಿಕ್ಕದನ್ನು, ಬಾಗಿಲು ಹಾಕಿದ್ದ ಹಳೆಯ ಮುದ್ರಣಾಲಯದ ಛಾವಣಿಯೊಳಗೆ ಅವರು ಸೇವೆಯ ಆರಂಭದಲ್ಲೇ ಕಂಡಿದ್ದರು. ಪುರಸಭೆ ಆ ಕಟ್ಟಡವನ್ನು ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡಲು ಹೊರಟಾಗಲೆಲ್ಲ ಈ ಪಿನ್ನು ಅಡ್ಡ ಬರುತ್ತಿತ್ತು.

ಸೇವೆಯ ಕೊನೆಯ ಬೇಸಿಗೆಯಲ್ಲಿ ಶಿಷ್ಯೆ ಅವರ ನಿವೃತ್ತಿಯ ಈ ಅಭಿನಂದನ ಸಂಪುಟಕ್ಕೆಂದೇ ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಅದರಲ್ಲಿ ಆ ಬಾವಲಿಯ ರೆಕ್ಕೆಯನ್ನು ಟಾರ್ಚಿನ ಬೆಳಕಿಗೆ ಹಿಡಿದ ಚಿತ್ರವೂ ಇತ್ತು. ಬೆಳೆದ ಬಾವಲಿಯ ಬೆರಳಿನ ಗೆಣ್ಣುಗಳು ಗಂಟುಗಟ್ಟಿರುತ್ತವೆ; ಬಲಿಯದ ಮರಿಯ ಗೆಣ್ಣಿನಲ್ಲಿ ಬೆಳಕು ತೂರಿ ಬರುತ್ತದೆ. ಚಿತ್ರದ ಗೆಣ್ಣುಗಳಲ್ಲಿ ಬೆಳಕಿತ್ತು. ಅದು ಚಿಕ್ಕ ಜಾತಿಯಲ್ಲ, ದೊಡ್ಡ ಜಾತಿಯ ಮರಿ. ಶಿಷ್ಯೆ ಪರದೆಯನ್ನು ಆರಿಸಿದಳು. ಹಿಂದೆಯೇ ಪಿನ್ನಮ್ಮನವರು ನಿಂತಿದ್ದರು.

"ಮುಚ್ಬೇಡ, ದೊಡ್ಡದು ಮಾಡು."

"ಫೋಟೋ ಸ್ವಲ್ಪ ಮಸುಕಾಗಿದೆ ಮೇಡಂ, ಅಷ್ಟೆ."

"ಫೋಟೋ ಚೆನ್ನಾಗೇ ಇದೆ ಕಣೆ. ನನ್ನ ಕಣ್ಣಿಗೆ ಆವತ್ತು ಆಸೆ ಜಾಸ್ತಿ ಇತ್ತು."

ಆ ವಾರ ಅವರು ಸರಿಯಾಗಿ ಉಣ್ಣಲಿಲ್ಲ ಎಂದು ಜೊತೆಯಲ್ಲೇ ಇರುವ ಅವರ ತಮ್ಮ ಹೇಳುತ್ತಾರೆ. ಹೆಸರು ಹೋಗುತ್ತದೆಂದು ಅಕ್ಕ ಕೊರಗುತ್ತಿದ್ದಾಳೆ ಎಂದೇ ಅವರು ತಿಳಿದಿದ್ದರು. "ರಿಟೈರ್ ಆಗೋವರೆಗೆ ಸುಮ್ನಿರಕ್ಕ, ಯಾರ ಗಂಟು ಹೋಗುತ್ತೆ?" ಎಂದೂ ಕೇಳಿದರು. ಅಕ್ಕನಿಗೆ ಹೆಸರಿನ ಚಿಂತೆಯಿರಲಿಲ್ಲ. ಆ ಛಾವಣಿ ನಿಂತಿದ್ದದ್ದೇ ತಪ್ಪು ಪಿನ್ನಿನ ಮೇಲೆ. ನಿಜ ಹೇಳಿದರೆ ಅದರೊಳಗಿನ ಬಾವಲಿಗಳು ಬೀದಿಗೆ ಬೀಳುತ್ತಿದ್ದವು, ಹೇಳದಿದ್ದರೆ ನಕ್ಷೆಯ ಉಳಿದ ಪಿನ್ನುಗಳನ್ನು ನಂಬಲು ಯಾರಿಗೂ ಕಾರಣ ಉಳಿಯುತ್ತಿರಲಿಲ್ಲ.

ಅವರು ಪಿನ್ನು ಕಿತ್ತರು. ಮರುದಿನ ಶಿಷ್ಯೆಯನ್ನು ಕರೆದುಕೊಂಡು ಪುರಸಭೆಯ ಎಂಜಿನಿಯರರ ಮುಂದೆ ಕುಳಿತು, ಆಗಿದ್ದನ್ನು ಆಗಿದ್ದ ಹಾಗೆ ಹೇಳಿದರು.

"ಅಂದ್ರೆ ಎಲ್ಲಾ ಕಡೆ ಸಿಗೋ ಬಾವಲಿನೇ ತಾನೆ?" ಎಂದರು ಎಂಜಿನಿಯರು.

"ಹೌದು."

"ಹಾಗಾದ್ರೆ ಮುಂದಿನ ತಿಂಗಳು ಕೆಡವ್ಬಹುದು."

"ನಾನು ಏಮಾರಿದ್ದು ಮರಿ ನೋಡಿ. ಮರಿ ಇತ್ತು ಅಂದ್ರೆ ಅದು ಅವುಗಳ ಹೆರಿಗೆಮನೆ. ಮುಂದಿನ ತಿಂಗಳು ಅಲ್ಲಿ ಹಾರೋಕೆ ಬಾರದವು ಇರ್ತವೆ. ನನ್ನ ಮಾತು ಬೇಡ, ಒಂದ್ಸಲ ತಪ್ಪಿದ್ದೀನಿ. ನೀವೇ ಹತ್ತಿ ನೋಡಿ."

ಎಂಜಿನಿಯರು ಕಾದು, ಮುಂದಿನ ತಿಂಗಳು ಏಣಿ ಹತ್ತಿದರು. ಇಳಿದವರು ಕಾಲರಿನ ದೂಳು ಕೊಡವಿಕೊಂಡು, ತಾಯಂದಿರ ಹೊಟ್ಟೆಗೆ ಕಚ್ಚಿಕೊಂಡಿವೆ ಎಂದಷ್ಟೇ ಹೇಳಿದರು. ಮರಿಗಳು ಹಾರುವವರೆಗೆ ಕೆಲಸ ನಿಂತಿತು. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಛಾವಣಿ ಖಾಲಿಯಾದ ಮೇಲೆ ಮುದ್ರಣಾಲಯವನ್ನು ಕೆಡವಿದರು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ.

ಈ ಜಾತಿಯ ತಾಯಿ ಬಾವಲಿಗಳು ಹೆರಿಗೆಗೆ ಹಳೆಯ ಜಾಗವನ್ನೇ ಹುಡುಕಿಕೊಂಡು ಬರುತ್ತವೆ. ಈ ಬೇಸಿಗೆಯಲ್ಲೂ ಬಂದವು. ಛಾವಣಿಯಿದ್ದ ಎತ್ತರದಲ್ಲಿ ಗಾಳಿಯನ್ನೇ ಸುತ್ತಿ ಸುತ್ತಿ ಹೋಗುತ್ತವೆ. ಎದುರಿನ ಕಾಲುದಾರಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಅವು ಯಾವ ದಿಕ್ಕಿಗೆ ತಿರುಗುತ್ತವೆ ಎಂದು ನಿವೃತ್ತರಾದ ಪಿನ್ನಮ್ಮನವರು ಮುಸ್ಸಂಜೆಗಳಲ್ಲಿ ನೋಡುತ್ತಿರುತ್ತಾರೆ. ಮಾರನೆಯ ದಿನ ಆ ದಿಕ್ಕಿನ ಗೋದಾಮು, ಗೋಪುರ, ಮೋರಿಗಳನ್ನೆಲ್ಲ ಹೊಕ್ಕು ಬರುತ್ತಾರೆ. ಈ ಸಂಪುಟ ಅಚ್ಚಿಗೆ ಹೋಗುವ ಹೊತ್ತಿಗೆ ನಕ್ಷೆಯಲ್ಲಿ ಬಿಳಿ ಪಿನ್ನುಗಳೇ ಹೆಚ್ಚಾಗಿವೆ. ಶಿಷ್ಯೆ ಒಂದು ಹಸಿರು ಪಿನ್ನನ್ನು ಡಬ್ಬಿಯಲ್ಲಿ ಬೇರೆಯಾಗಿ ತೆಗೆದಿಟ್ಟಿದ್ದಾಳೆ. ಅದನ್ನು ಅವರೇ ಬಂದು ಚುಚ್ಚುವಂತಾಗಲಿ. ಆಮೇಲೂ ಬಹುಕಾಲ ಅವರ ಮೊಣಕಾಲು ಏಣಿಗೆ ಒದಗಲಿ, ಕಣ್ಣು ಇಲ್ಲದ್ದನ್ನು ಇಲ್ಲವೆಂದೇ ಕಾಣುತ್ತಿರಲಿ.