ಬೀದಿಯ ಬೀಗದಕೈಗಳು

ಟೈಲರ್ ಮಾಸ್ತರರ ಸೊಂಟದಲ್ಲಿ ಬೀದಿಯ ಅಷ್ಟೂ ಅಂಗಡಿಗಳ ಬೀಗದಕೈಗಳು ನೇತಾಡುತ್ತಿದ್ದವು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಅಕ್ಕಪಕ್ಕದವರ ಷಟರ್ ಎತ್ತಿಟ್ಟು, ಆಮೇಲೆಯೇ ಅವರು ತಮ್ಮ ಹೊಲಿಗೆ ಯಂತ್ರದ ಮುಂದೆ ಕೂರುವುದು. ಅದು ಅವರಪ್ಪನ ಕಾಲದ ರೂಢಿ. ಅಪ್ಪ ಬೇರೆ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವನು. ಮಾಸ್ತರರು ಹುಟ್ಟಿದ್ದೇ ಈ ಬೀದಿಯ ಕೊನೆಯ ಮನೆಯಲ್ಲಿ. ಅಪ್ಪನ ಭಾಷೆ ಅವರಿಗೆ ಉಳಿದಿದ್ದು ಬೈಯುವಷ್ಟು ಮಾತ್ರ. ಬೈಸಿಕೊಳ್ಳುವ ಹೆಂಡತಿಗೆ ಅದೂ ಅರ್ಥವಾಗದೆ ಸಂಸಾರ ಸುಖವಾಗಿ ಸಾಗಿತ್ತು.

"ನೀವು ನಮ್ಮೋರೇ ಬಿಡಿ ಮಾಸ್ತರೇ" ಎಂದು ಯಾರಾದರೂ ಅಂದರೆ ಉಬ್ಬಿಹೋಗುತ್ತಿದ್ದರು. ನಿಜವಾಗಿ ನಮ್ಮವರಾದವರಿಗೆ ಯಾರೂ ಹಾಗೆ ಹೇಳುವುದಿಲ್ಲ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ತಮ್ಮ ಅಂಗಡಿಯ ಇನ್ನೊಂದು ಬೀಗದಕೈಯನ್ನು ಎದುರಿನ ಸಲೂನಿನವನಿಗೆ ಕೊಟ್ಟಿದ್ದರು.

ಈಚೆಗೆ ಊರಿನ ಇನ್ನೊಂದು ಮೂಲೆಯಲ್ಲಿ ಅಂಗಡಿಯೊಂದು ಲೂಟಿಯಾಯಿತು. ಮಾಡಿದವರು ಮಾಸ್ತರರ ಅಪ್ಪನ ಕಡೆಯ ಜನ ಎಂದು ಸುದ್ದಿ ಹಬ್ಬಿತು. ಮಾಸ್ತರರೂ ಎಲ್ಲರ ಜೊತೆ ಕೂತು ಕಳ್ಳರಿಗೆ ಹಿಡಿಶಾಪ ಹಾಕಿದರು.

ಮುಂದಿನ ಸೋಮವಾರ ಮಬ್ಬು ಬೆಳಕಿನಲ್ಲಿ ಔಷಧಿ ಅಂಗಡಿಯ ಬೀಗ ತೆರೆಯಹೋದರೆ ಬೀಗದಕೈ ತಿರುಗಲಿಲ್ಲ. ತುಕ್ಕು ಹಿಡಿದಿರಬೇಕೆಂದು ಹೊಲಿಗೆ ಯಂತ್ರದ ಎಣ್ಣೆ ತಂದು ಬಿಟ್ಟರು. ಪಾತ್ರೆ ಅಂಗಡಿಯದೂ ತಿರುಗಲಿಲ್ಲ, ಅದಕ್ಕೂ ಎಣ್ಣೆ. ಸಲೂನಿನ ಬೀಗಕ್ಕೆ ಎಣ್ಣೆ ಬಿಡಲು ಬಗ್ಗಿದಾಗ ಅದು ಫಳಫಳ ಹೊಳೆಯಿತು. ಹೊಸ ಬೀಗ. ತಿರುಗಿ ಹೋಗಿ ನೋಡಿದರೆ ಎಲ್ಲವೂ ಹೊಸವೇ. ಒಂದೇ ಭಾನುವಾರ ಎಲ್ಲರೂ ಬದಲಾಯಿಸಿದ್ದಾರೆ ಅಂದರೆ ಕೂತು ಮಾತಾಡಿಕೊಂಡೇ ಬದಲಾಯಿಸಿದ್ದಾರೆ. ಉಳಿದವರು ಹಾಳಾಗಿಹೋಗಲಿ, ಸಲೂನಿನವನೂ ಸೇರಿಕೊಂಡನಲ್ಲ. ಅವನ ಮದುವೆಯ ಕೋಟು ಹೊಲಿದು, ತೊಡಿಸಿ, ಗುಂಡಿ ಹಾಕಿ ಕಳಿಸಿದ್ದು ಇದೇ ಕೈ.

ಸಲೂನಿನವನು ಬಂದವನೇ ತಲೆ ತಗ್ಗಿಸಿದ. "ನಿಮ್ಮ ಮೇಲೆ ಅನುಮಾನ ಅಲ್ಲ ಅಣ್ಣ, ನಿಮ್ಮ ಜನದ ಮೇಲೆ. ಎಲ್ರೂ ಒಂದಾಗಿ ಹೇಳ್ದಾಗ ನಾನೊಬ್ಬ ಬೇಡ ಅನ್ನೋಕಾಗುತ್ತಾ?"

"ನನ್ನ ಜನ ಅಂದ್ರೆ ನೀವೇ ಅಂದ್ಕೊಂಡಿದ್ದೆ ಕಣೋ."

ಮಾಸ್ತರರು ಸೊಂಟದ ಗೊಂಚಲು ಬಿಚ್ಚಿ ಸಲೂನಿನ ಮೆಟ್ಟಿಲ ಮೇಲಿಟ್ಟರು.

"ನನ್ನ ಅಂಗಡಿ ಬೀಗದಕೈ ನಿನ್ಹತ್ರ ಇದೆ. ಕೊಟ್ಬಿಡು."

ಸಲೂನಿನವನ ಮುಖ ಸಣ್ಣದಾಯಿತು. "ಏನಣ್ಣ ಇದು? ನನ್ನ ಮೇಲೂ ನಂಬಿಕೆ ಇಲ್ವಾ?"

ಅವನಿಗೆ ನಿಜವಾಗಿಯೂ ನೋವಾಗಿತ್ತು. ಮಾಸ್ತರರು ಎಣ್ಣೆ ಮೆತ್ತಿದ ಕೈಯನ್ನು ಚಾಚಿಕೊಂಡೇ ನಿಂತರು.