ಟಗರಿನ ಕೊರಳಿಗೆ ಗಂಟೆ

ನೌಕಾಪಡೆಗೆ ಸೇರಿದ ನನಗೆ ಸಿಕ್ಕಿದ್ದು ಯುದ್ಧದ ಹಡಗಲ್ಲ, ಟಗ್. ನಡುಗಡಲಿನಲ್ಲಿ ಕೆಟ್ಟು ನಿಂತ ಹಡಗುಗಳಿಗೆ ಹಗ್ಗ ಕಟ್ಟಿ ಎಳೆದು ತರುವ ಹಡಗು. ಕುಂದೂರಿನ ಕಡೆಯ ನಮ್ಮೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಹಾಳಾದ ಸಿಗ್ನಲ್ಲು, ಅಪ್ಪನ ಕಿವಿಗೆ ಅದು 'ಟಗರು' ಎಂದು ಬಿತ್ತು. ಜೀವಮಾನವಿಡೀ ಕುರಿ ಸಾಕಿದವನಿಗೆ ಇನ್ನೇನು ಕೇಳಿಸೀತು? ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ರಜೆಗೆ ಬಂದು ಬಸ್ಸಿಳಿದರೆ ಟೀ ಅಂಗಡಿಯಲ್ಲಿ ಕೂತವರೆಲ್ಲ, ನೀನಿಲ್ಲಿಗೆ ಬಂದರೆ ಟಗರಿಗೆ ಮೇವು ಹಾಕುವವರು ಯಾರು ಎಂದು ವಿಚಾರಿಸುವವರೇ.

ನನಗೆ ಮೈಯೆಲ್ಲ ಉರಿಯಿತು. ಅಪ್ಪನನ್ನು ಕೂರಿಸಿಕೊಂಡು, ಅದು ಎಳೆಯುವ ಹಡಗು ಎಂದು ಬಿಡಿಸಿ ಹೇಳಿದೆ.

"ಎಳ್ಯೋದು ಎತ್ತು ಕಣೋ. ಟಗರು ಗುದ್ತೈತೆ," ಎಂದ.

ಬಂದರಿನೊಳಗೆ ದೊಡ್ಡ ಹಡಗಿನ ಮಗ್ಗುಲಿಗೆ ಮೂತಿ ಹಚ್ಚಿ ತಳ್ಳುವುದೂ ನಮ್ಮದೇ ಕೆಲಸ ಎಂದೆ. ಅಪ್ಪ ಸ್ವಲ್ಪ ಯೋಚಿಸಿ, ಹಂಗಾರೆ ಟಗರೇ ಬಿಡು ಎಂದು ತೀರ್ಪು ಕೊಟ್ಟ. ಬರಬರುತ್ತಾ ನನ್ನ ಬಾಯಲ್ಲೂ ಅದು ಟಗರೇ ಆಯಿತು.

ಅದರ ಸೇವೆಯನ್ನು ಏನೆಂದು ಹೇಳಲಿ! ಬೇರೆ ಹಡಗುಗಳು ಗುಂಡು ಹೊಡೆದು ಅಭ್ಯಾಸ ಮಾಡಲೆಂದು ಗುರಿಯನ್ನು ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದೆವು. ಬಿರುಗಾಳಿ ಎಂದು ಎಲ್ಲರೂ ಬಂದರು ಸೇರುವಾಗ ನಾವು ಹೊರಗೆ ಹೊರಡುತ್ತಿದ್ದೆವು. ಎಂಜಿನ್ ಕೆಟ್ಟವರು ಯಾರಾದರೂ ಇದ್ದೇ ಇರುತ್ತಿದ್ದರು. ಸಮಾರಂಭದ ಫೋಟೋದಲ್ಲಿ ಮಾತ್ರ ಟಗರು ಇರುತ್ತಿರಲಿಲ್ಲ. ಮಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ತಾನು ಪಕ್ಕಕ್ಕೆ ಸರಿದಿರುತ್ತಿತ್ತು. ಮುದಿ ಹಡಗುಗಳನ್ನು ಒಡೆಯುವ ಜಾಗಕ್ಕೆ ಎಳೆದು ಬಿಟ್ಟು ಬರುವುದೂ ನಮ್ಮ ಪಾಲಿಗೇ. ಆ ಕೆಲಸ ನನಗೆ ಸೇರುತ್ತಿರಲಿಲ್ಲ.

ಒಂದು ಸಲ, ಮನೆಯವರನ್ನು ಕರೆಸಿ ಹಡಗು ತೋರಿಸಬಹುದು ಎಂದರು. ಅಪ್ಪ ಹೊರಟೇಬಿಟ್ಟ, ಟವೆಲಿನಲ್ಲಿ ಒಂದು ಹಿತ್ತಾಳೆ ಗಂಟೆ ಸುತ್ತಿಕೊಂಡು. ನಮ್ಮ ಕಡೆ ಬೆಳಗಿನ ಮಂಜಿನಲ್ಲಿ ಕುರಿ ಕಣ್ಣಿಗೆ ಬೀಳುವುದಿಲ್ಲ. ಮುಂದಾಳು ಟಗರಿನ ಕೊರಳ ಗಂಟೆ ಕೇಳಿಸಿದರೆ ಮಂದೆ ಎಲ್ಲಿದೆ ಎಂದು ತಿಳಿಯುತ್ತದೆ. ತನ್ನ ಟಗರಿನ ಗಂಟೆಯನ್ನೇ ಬಿಚ್ಚಿ ತಂದಿದ್ದ, ಕೈಯಾರೆ ಹಡಗಿಗೆ ಕಟ್ಟಬೇಕೆಂದು. ಅವನು ರೈಲಿನಲ್ಲಿರುವಾಗಲೇ ನಮಗೆ ಕರೆ ಬಂತು, ಯಾವುದೋ ಹಡಗು ಎಂಜಿನ್ ನಿಂತು ತೇಲುತ್ತಿದೆ ಎಂದು. ಹೊರಟೆವು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಆ ಟಗರಿಗೇ ಸರಿ. ಅಪ್ಪ ಬಂದು, ಹಡಗು ನಿಲ್ಲುವ ಖಾಲಿ ಕಟ್ಟೆ ನೋಡಿಕೊಂಡು ಗಂಟೆಯ ಜೊತೆ ವಾಪಸ್ಸು ಹೋದ. ಮೇಯಕ್ಕೆ ಹೋಗಿತ್ತು ಬುಡು ಎಂದನಂತೆ ಅಮ್ಮನ ಹತ್ತಿರ. ಬೈದಿದ್ದರೇ ಚೆನ್ನಾಗಿತ್ತು.

ನಾನು ನಿವೃತ್ತನಾಗಿ ಊರು ಸೇರಿದೆ. ಈ ವರ್ಷ ಮಳೆಗಾಲಕ್ಕೆ ಮುಂಚೆ ಹಡಗಿನ ಹಳೇ ಗೆಳೆಯ ಫೋನ್ ಮಾಡಿ, ಟಗರಿನ ಸೇವೆಯೂ ಮುಗಿಯಿತು ಮಾರಾಯ, ಸೋಮವಾರ ಒಡೆಯಲು ಒಯ್ಯುತ್ತಾರೆ ಎಂದ. ಎಳೆಯುವುದು ಇನ್ನೊಂದು ಟಗ್ ಅಂತೆ. ಅಪ್ಪನಿಗೆ ಈಗ ಕಣ್ಣು ಮಂಜು. ಮಂಡಿ ಮಡಚಿದರೆ ಬಿಚ್ಚದು, ಬಿಚ್ಚಿದರೆ ಮಡಚದು. ಒಡೆಯುವ ಮಾತು ಅವನ ಮುಂದೆ ಬಾಯಿಗೆ ಬರಲಿಲ್ಲ. ಟಗರು ಬೇರೆ ಬಂದರಿಗೆ ಹೋಗುತ್ತದೆ, ನೋಡಿ ಬರುತ್ತೇನೆ ಎಂದೆ. ಅಪ್ಪ ಅಮ್ಮನಿಗೆ ಹೇಳಿ ಪೆಟ್ಟಿಗೆಯಿಂದ ಗಂಟೆ ತೆಗೆಸಿ ನನ್ನ ಕೈಗಿಟ್ಟ.

"ನೀನೇ ಕಟ್ಬುಟ್ಟು ಬಾ. ಗಂಟೆ ಇದ್ರೆ ಎಲ್ಲೋದ್ರೂ ಕಳ್ದೋಗಲ್ಲ."

ಸೋಮವಾರ ಬೆಳಿಗ್ಗೆ ಬಂದರಿಗೆ ಹೋದೆ. ಗಾಳಿ ಏಳುವ ಸೂಚನೆ ಇತ್ತೆಂದು ಭಾನುವಾರವೇ ಎಳೆದುಕೊಂಡು ಹೋಗಿದ್ದರು. ಅಪ್ಪ ನೋಡಿದ್ದ ಖಾಲಿ ಕಟ್ಟೆಯನ್ನೇ ನಾನೂ ನೋಡಿದೆ. ಯಾರನ್ನು ಬೈಯಲಿ? ಕಡಲು ಯಾರಿಗೂ ಕಾಯುವುದಿಲ್ಲ ಎಂದು ಹೊಸಬರಿಗೆಲ್ಲ ಪಾಠ ಹೇಳಿದವನು ನಾನೇ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲೇ ಕಾಯುತ್ತಿದ್ದ. ನನ್ನ ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿದ.

"ಕಟ್ದೇನೋ? ಸದ್ದು ಬಂತಾ?"

ಜೇಬಿನಲ್ಲಿದ್ದ ಗಂಟೆಯ ನಾಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದೆ.

"ಬಂತು ಕಣಪ್ಪ," ಎಂದೆ.